ಹೊಳ್ಳಿ ನೋಡಿದವನು

ಅಂಗಾತ ಮಲಗಿದ್ದಾನೆ, ಹಣೆ, ಮೂಗು, ಗದ್ದ, ಆಮೇಲೆ ಎದೆಯ ಉಬ್ಬು — ಶಹಾಪುರದ ಗುಡ್ಡ ಬಸ್ಸಿನ ಕಿಟಕಿಯಲ್ಲಿ ನಿಧಾನವಾಗಿ ಹಿಂದೆ ಸರಿಯುತ್ತಿದೆ, ಮುಂದಿನ ಸೀಟಿನ ಹೆಂಗಸು ತೊಡೆಯ ಮೇಲಿನ ಕೂಸಿಗೆ ತೋರಿಸುತ್ತಿದ್ದಾಳೆ, ನೋಡ್ ನೋಡು, ಬುದ್ಧ ಮಲಗ್ಯಾನ, ಅಲ್ಮಾಸಳಿಗೂ ಚಿಕ್ಕಂದಿನಲ್ಲಿ ಹಾಗೇ ಕಾಣುತ್ತಿದ್ದ, ಅಬ್ಬಾ ಕಿಟಕಿಯ ಕಡೆ ಕೂಡಿಸಿ ಬೆರಳು ಚಾಚಿ ತೋರಿಸುತ್ತಿದ್ದರು, ಇವತ್ತು ಬುದ್ಧ ಕಾಣುತ್ತಿಲ್ಲ, ಕಾಣುವುದು ಶವಾಗಾರದ ಮೇಜಿನ ಮೇಲೆ ಅಂಗಾತ ಹಾಕಿದ ದೇಹ, ಎದೆಯವರೆಗೆ ಬಿಳಿ ಬಟ್ಟೆ, ಬಟ್ಟೆ ಗಿಡ್ಡವಾಗಿ ಕಾಲು ಹೊರಗೆ — ಅಂಗಾಲು ನೋಡಬೇಡ ಅಂತ ಯಾರೂ ಹೇಳಿರಲಿಲ್ಲ, ಯಾಕೆಂದರೆ ಅದನ್ನೂ ಒಬ್ಬಳು ನೋಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ಹಣೆಯ ಗಾಯ ನೋಡಿ, ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದಾನೆ ಎಂದು ಬರೆದು, ಸಹಿ ಹಾಕಿ, ಚಹಾ ಕುಡಿಯಬೇಕಿತ್ತು, ಅವಳು ಬಟ್ಟೆಯನ್ನು ಇನ್ನಷ್ಟು ಕೆಳಗೆಳೆದು ಮುಚ್ಚಲು ಹೋದಳು, ಕಂಡವು, ಎರಡೂ ಅಂಗಾಲು ಬದನೆಕಾಯಿಯ ಬಣ್ಣ, ಹಿಮ್ಮಡಿಯಿಂದ ಬೆರಳಿನ ತನಕ ಅಡ್ಡಡ್ಡ ಬಾಸುಂಡೆ, ಜಾರಿ ಬೀಳುವವನು ಯಾವ ಲೋಕದಲ್ಲಿ ಅಂಗಾಲಿನ ಮೇಲೆ ಬೀಳುತ್ತಾನೆ, ಕೇಳಿದ್ದಳು, ಕರ್ನಲ್ ಸಾಹೇಬರನ್ನು ನೇರವಾಗಿ ಕೇಳಿದ್ದಳು, ಅವರು ಬಿಸ್ಕೀಟಿನ ತಟ್ಟೆ ಅವಳ ಕಡೆ ಸರಿಸಿ, ಗುಡ್ಡಗಾಡಿನ ಹುಡುಗ, ಮೇಜರ್, ಬರಿಗಾಲಲ್ಲಿ ಓಡಾಡುತ್ತಿದ್ದ, ಅಂದರು. ಹುಡುಗನಿಗೆ ಹೆಸರಿತ್ತು, ಹೀರಾಸಿಂಗ್. ಮೇಲಧಿಕಾರಿಗೆ ಎದುರು ಮಾತಾಡಿದ ಎಂಬ ತಪ್ಪಿಗೆ ಕಂಟೋನ್ಮೆಂಟಿನ ಮಿಲಿಟರಿ ಜೈಲಿನಲ್ಲಿ ಹಾಕಿದ್ದರು, ಶತ್ರುವಿನ ಸೈನಿಕನಲ್ಲ, ನಮ್ಮವನೇ, ನಮ್ಮದೇ ಸಮವಸ್ತ್ರ, ಶಿಕ್ಷೆ ಮುಗಿಸಿ ಮತ್ತೆ ಅದೇ ಪಲ್ಟನ್ನಿಗೆ ಹೋಗಿ ಬಂದೂಕು ಹಿಡಿಯಬೇಕಾದವನು, ಶವವಾಗಿ ಹೊರಬಂದ, ಸೇನೆ ವಿಚಾರಣಾ ಮಂಡಳಿ ಕೂರಿಸಿತು, ಕರ್ನಲ್ ಅದರ ಅಧ್ಯಕ್ಷ, ಇನ್ನೊಬ್ಬ ಅಧಿಕಾರಿ ಅಧ್ಯಕ್ಷರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು, ಮೂರನೆಯವಳು ಇವಳು, ಸೇನೆಯ ಡಾಕ್ಟರು, ಮೇಜರ್ ಅಲ್ಮಾಸ, ಯಾದಗಿರಿ ಸ್ಟೇಷನ್ ರಸ್ತೆಯ ಮನ್ಸೂರಅಲಿಯ ಮಗಳು. ಜೈಲಿನಲ್ಲಿ ಹೀರಾನ ಪಕ್ಕದ ಕೋಣೆಯಲ್ಲಿ ಒಬ್ಬನಿದ್ದನಲ್ಲ, ಅವನನ್ನು ಕರೆಸಿ ಅಂದಳು. ಅವನಿಗೆ ತಲೆ ಸರಿ ಇಲ್ಲ, ಸೇನೆಯಿಂದ ಬಿಡಿಸಿ ಊರಿಗೆ ಕಳಿಸಿಯಾಯಿತು, ಅಂದರು. ಯಾವ ಊರು? ಕರ್ನಲ್ ಕನ್ನಡಕ ಏರಿಸಿ ಓದಿದರು, ಆ ಹೆಸರನ್ನು ಮುರಿದು ಮುರಿದು, ಕೆಂ, ಭಾ, ವಿ — ಆಗ ಅವಳಿಗೆ ನಗು ಬರುವಂತಾಯಿತು, ನಮ್ಮೂರ ಕಡೆಯವನು, ಸುರಪುರ ತಾಲೂಕು, ತಲೆ ಸರಿ ಇಲ್ಲವೋ ಇದೆಯೋ ನಾನೇ ನೋಡುತ್ತೇನೆ, ನಾನು ಡಾಕ್ಟರಲ್ಲವೇ.

ಪಕ್ಕದಲ್ಲಿ ಅಮರಪ್ಪ ತೂಕಡಿಸುತ್ತಿದ್ದಾರೆ, ಮುದನಾಳದವರು, ನಿವೃತ್ತ ಸುಬೇದಾರರು, ಮಾಜಿ ಸೈನಿಕರ ಸಂಘದ ಹಿರಿಯರು, ಆ ಪಕ್ಕದ ಕೋಣೆಯವನ, ಸುನೀಲಕುಮಾರನ, ಮನೆ ಗೊತ್ತಿರುವವರು ಅವರೊಬ್ಬರೇ ಅಂತ ಜೊತೆಗೆ ಕರೆತಂದಿದ್ದಾಳೆ, ಈಗಲೂ ಬೂಟಿಗೆ ಕನ್ನಡಿಯಂಥ ಹೊಳಪು, ಭೀಮಾ ಸೇತುವೆ ದಾಟುವಾಗಲೇ ಶುರು ಮಾಡಿದ್ದರು, ಮೇಡಂ, ನೀವು ಸಣ್ಣವ್ರು, ಪಲ್ಟನ್ ಅಂದ್ರ ಮನಿ ಇದ್ದಂಗ, ಮನಿ ಮಾತು ಓಣಿಗಿ ಬರಬಾರದು, ಅಷ್ಟ. ಮನೆ ಅಂತೆ, ಯಾವ ಮನೆಯಲ್ಲಿ ಮಗನ ಅಂಗಾಲು ಹಾಗೆ ಬಡಿಯುತ್ತಾರೆ, ಬಡಿದು ಜಾರಿ ಬಿದ್ದ ಎನ್ನುತ್ತಾರೆ, ಅವಳು ಅಂದಿದ್ದು ಮಾತ್ರ ಹೌದ್ರಿ, ನೋಡೂಣ್ರಿ, ಯಾಕೆಂದರೆ ಮನೆ ತಲುಪುವತನಕ ಈ ಮನುಷ್ಯ ಬೇಕು, ಕಿಟಕಿಯಾಚೆ ಹತ್ತಿ ಬಿಡಿಸುವವರು, ಉಡಿಯಲ್ಲಿ ಬಿಳಿ ತುಂಬಿಕೊಂಡು ಬಾಗಿದವರು, ಕಾಲುವೆ, ಮತ್ತೆ ಬಂಡೆ, ಬೆಳಿಗ್ಗೆ ಅಮ್ಮಿ ಚಮನಬೀ ಡಬ್ಬಿಗೆ ರೊಟ್ಟಿ ಹಾಕುತ್ತಾ ತಲೆ ಎತ್ತದೆ ಕೇಳಿದ್ದಳು, ತುಜೇ ಕಾಯ್ಕು ಮಾ ಯೇ ಸಬ್, ನಿನಗ್ಯಾಕಮ್ಮಾ ಇದೆಲ್ಲ, ತಮ್ಮ ಅಸದ ಅಂಗಡಿಯಲ್ಲಿ ಅವಳ ಫೋಟೋ ತೂಗುಹಾಕಿದ್ದಾನೆ, ಬಳೆಗಳ ಸಾಲಿನ ಮೇಲೆ, ಟೋಪಿ ತೊಟ್ಟು ಸೆಲ್ಯೂಟ್ ಹೊಡೆಯುತ್ತಿರುವ ಅಕ್ಕ, ಬಳೆ ಇಡಿಸಿಕೊಳ್ಳುವವರೆಲ್ಲ ಕೇಳುತ್ತಾರೆ ಇವ್ರ್ಯಾರ್ರಿ, ನಮ್ಮಕ್ಕ, ಮೇಜರ್, ಅನ್ನುವಾಗ ಅವನ ಕುತ್ತಿಗೆ ಒಂದು ಬೆರಳು ಉದ್ದವಾಗುತ್ತದೆ, ಆ ಫೋಟೋ ಕರ್ನಲ್‌ಗೂ ಗೊತ್ತಿದ್ದಂತಿತ್ತು, ರಜೆಗೆ ಸಹಿ ಹಾಕುವಾಗ ಎಷ್ಟು ಮೆತ್ತಗೆ ಅಂದರು, ನಿಮ್ಮ ಜಿಲ್ಲೆಯಿಂದ ಎಷ್ಟು ಜನ ಹೆಣ್ಣುಮಕ್ಕಳು ಇಲ್ಲಿಯವರೆಗೆ ಬಂದಿದ್ದಾರೆ ಅಲ್ಮಾಸ್, ಅದರಲ್ಲೂ ನಿಮ್ಮಂಥವರು, ನೀವು ಉಳಿದವರಿಗಿಂತ ಜಾಗ್ರತೆಯಾಗಿರಬೇಕು, ಜನ ಬೇರೆ ಅರ್ಥ ಕಟ್ಟುತ್ತಾರೆ. ನಿಮ್ಮಂಥವರು. ಹಿಮದಲ್ಲಿ ಬೆರಳು ಕೊಳೆತ ಜವಾನರನ್ನು ಹೆಲಿಕಾಪ್ಟರಿನಲ್ಲಿ ತೊಡೆಯ ಮೇಲೆ ಹಾಕಿಕೊಂಡು ತಂದಾಗ ನಿಮ್ಮಂಥವರು ಇರಲಿಲ್ಲ, ಬರೀ ಡಾಕ್ಟರ್ ಸಾಬ್ ಇದ್ದಳು, ಅಂಗಾಲು ನೋಡಿದ ಕೂಡಲೇ ನಿಮ್ಮಂಥವಳಾದಳು, ಹಲ್ಲು ಕಚ್ಚಿದಳು, ಅಮರಪ್ಪ ಎಚ್ಚರಾಗಿ, ಸುರಪುರ ಬಂತು ಮೇಡಂ ಇಳೀರಿ ಅಂದರು, ಇಳಿದರು, ಟಂಟಂ ಆಟೋ ಹತ್ತಿದರು, ಕೆಂಭಾವಿಯಲ್ಲಿ ಸಂತೆ, ಮೆಣಸಿನಕಾಯಿಯ ಘಾಟು ರಸ್ತೆಗೆಲ್ಲ ಹರಡಿ ಕಣ್ಣಲ್ಲಿ ನೀರು, ಒಳ್ಳೆಯದಾಯಿತು, ಸಿಟ್ಟಿಗೂ ಅದೇ ನೀರು, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಂಗಳಕ್ಕೆ ತಗಡಿನ ಬಾಗಿಲು, ಅದರ ಕೊಂಡಿ ಬಿಗಿಯಾಗಿತ್ತು, ಅವಳೇ ಜೋರಾಗಿ ಎಳೆದಳು, ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು, ಒಳಗಿನಿಂದ ತಾಟು ಬಿದ್ದು ಉರುಳಿದ ಸದ್ದು, ಆಮೇಲೆ ಒಬ್ಬ ಹೆಂಗಸಿನ ದನಿ, ಅಯ್ಯೋ, ಯಾರ್ರಿ ಅದು, ಮೆಲ್ಲಕ ತಗೀಬಾರದ — ಗೊಲ್ಲಾಳಮ್ಮ, ತಾಯಿ, ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಅಮರಪ್ಪನ ಗುರುತು ಹಿಡಿದು ಸುಮ್ಮನಾದಳು, ಇವಳನ್ನು ಮೇಲಿಂದ ಕೆಳಗೆ ನೋಡಿದಳು, ಅಮರಪ್ಪ ಇವ್ರು ಡಾಕ್ಟರ್, ಮಿಲಿಟರಿಯವ್ರು, ಅನ್ನುತ್ತಿದ್ದಂತೆ ಆ ಮುಖ ಬಾಗಿಲಿನಂತೆ ಮುಚ್ಚಿಕೊಂಡಿತು. ಮನೆಗೆ ಮಾತ್ರ ಬಾಗಿಲಿರಲಿಲ್ಲ. ಚೌಕಟ್ಟು ಇತ್ತು, ಕೀಲು ಕಿತ್ತ ತೂತುಗಳಿದ್ದವು, ಬಾಗಿಲು ಅಂಗಳದ ಗೋಡೆಗೆ ಒರಗಿಸಿಟ್ಟು ಅದರ ಮೇಲೆ ಶೇಂಗಾ ಹೊಟ್ಟಿನ ಚೀಲ, ಇದ್ಯಾಕಮ್ಮ ಅಂದರೆ ಗೊಲ್ಲಾಳಮ್ಮ ಹಿಟ್ಟಿನ ಕೈ ಸೀರೆಗೆ ಒರೆಸುತ್ತಾ ಹೇಳಿದಳು, ಚಿಲಕದ ಸಪ್ಪಳಾತಂದ್ರ ಸಾಕ್ರಿ, ಉಣ್ಣೂ ಗಂಗಾಳ ಬಿಟ್ಟೆದ್ದು ಗ್ವಾಡಿಗಿ ಮಾರಿ ಹಚ್ಚಿ ನಿಂದರತಾನ, ಕರದ್ರ ಹೊಳ್ಳಂಗಿಲ್ಲ, ತಿರುಗಿ ಸೈತ ನೋಡಂಗಿಲ್ಲ, ಅದಕ್ಕ ಕಿತ್ತಿಸಿಬಿಟ್ಟೀನಿ, ನಾಯಿ ಬಂದ್ರ ಬರವಲ್ದ್ಯಾಕ, ನೀವು ಈಗ ತಗದ್ರೆಲ್ಲ, ಹೋಗಿ ನೋಡ್ರಿ, ನಿಂತಿರತಾನ. ನಿಂತಿದ್ದ. ಒಳಕೋಣೆಯ ಮಬ್ಬಿನಲ್ಲಿ ಉದ್ದನೆಯ ಬೆನ್ನು, ಬನಿಯನ್ನು, ಸಾರು ಚೆಲ್ಲಿದ ನೆಲದಲ್ಲಿ ಬರಿಗಾಲು, ತೋಳು ಎರಡೂ ಭುಜದ ಎತ್ತರಕ್ಕೆ ಎತ್ತಿ ಅಂಗೈ ಗೋಡೆಗೆ ಒತ್ತಿದ್ದ, ಬೆರಳು ಅಗಲಿಸಿ, ಹಣೆ ಗೋಡೆಗೆ ತಾಗುವಷ್ಟು ಹತ್ತಿರ, ಉಸಿರು ಮಾತ್ರ ಓಡುತ್ತಿತ್ತು, ನನ್ನ ಕೈ, ಆ ಕೊಂಡಿ ಎಳೆದದ್ದು ನನ್ನ ಕೈ, ಅವಳು ಅನ್ನುತ್ತಾಳೆ ತನಗೇ, ಆಮೇಲೆ ಅವನಿಗೆ, ಸುನೀಲ, ನಾ ಅಲ್ಮಾಸ ಅಂತ, ಯಾದಗಿರಿಯಾಕಿ, ಡಾಕ್ಟರ, ನಿನಗ ಯಾರೂ ಏನೂ ಮಾಡಂಗಿಲ್ಲ, ಕುಂದರು. ಅವನು ಕೂರಲಿಲ್ಲ. ತಾಯಿ ಹೋಗಿ ಒಂದು ಕೈ ಹಿಡಿದು ಇಳಿಸಿದಳು, ಆ ಕೈ ಇದ್ದಲ್ಲಿ, ನೀಲಿ ಬೆರೆಸಿದ ಸುಣ್ಣದ ಮೇಲೆ, ಕಂದು ಬಣ್ಣದ ಅಂಗೈ, ಐದೂ ಬೆರಳು ಬಿಡಿಬಿಡಿ, ಗೀರು ಕಾಣುವಷ್ಟು ಸ್ಪಷ್ಟ — ಬೆವರು, ಎಣ್ಣೆ, ದಿನಾ ಅದೇ ಜಾಗ — ಎಷ್ಟು ಸಲ ಸುಣ್ಣಾ ಬಳದೀನ್ರಿ, ಮತ್ತ ಮೂಡತಾವ, ಅಂದಳು ಗೊಲ್ಲಾಳಮ್ಮ, ಕೈ ಬಿಟ್ಟ ಕೂಡಲೇ ಅವನ ಅಂಗೈ ಹೋಗಿ ತನ್ನ ಗುರುತಿನ ಮೇಲೆ ಸರಿಯಾಗಿ ಕೂತಿತು, ಒಂದು ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲದೆ.

ಎದುರಿಗೆ ಕೂತು ಮಾತಾಡಿಸುವುದನ್ನು ಕಲಿಸುತ್ತಾರೆ ವೈದ್ಯಕೀಯ ಕಾಲೇಜಿನಲ್ಲಿ, ಕಣ್ಣು ನೋಡಿ, ಹೆಸರು ಹಿಡಿದು, ಇವನ ಎದುರಿಗೆ ಗೋಡೆ ಇದೆ, ಏನು ಮಾಡುವುದು, ಅವಳು ಹೋಗಿ ಅದೇ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು, ಅವನ ಕಾಲ ಪಕ್ಕದಲ್ಲಿ, ಅವನ ಮುಖ ಗೋಡೆಗೆ, ಇವಳ ಮುಖ ಬಾಗಿಲಿಲ್ಲದ ಚೌಕಟ್ಟಿಗೆ, ಹೊರಗೆ ಅಮರಪ್ಪನ ಹೊಳೆಯುವ ಬೂಟುಗಳು ಕಾಣುತ್ತಿದ್ದವು, ಮೊದಲು ಊರ ಮಾತು ಕೇಳಿದಳು, ಈ ಸಲ ಮಳಿ ಹ್ಯಾಂಗಾತು, ಯಾವ ಶಾಲಿ, ಅಪ್ಪ ಎಂದು ತೀರಿಕೊಂಡ್ರು, ಅವನು ಗೋಡೆಗೆ ಹೇಳಿದ, ಎಲ್ಲಕ್ಕೂ ಸರಿಯಾದ ಉತ್ತರ, ಅಪ್ಪ ತೀರಿದಾಗ ಬಂದವನು ರಜೆ ಮುಗಿದರೂ ಉಳಿದದ್ದು, ತಿರುಗಿ ಹೋದಾಗ ಅದಕ್ಕೇ ಶಿಕ್ಷೆ ಆದದ್ದು, ತಾರೀಖು, ವಾರ, ಅಧಿಕಾರಿಗಳ ಹುದ್ದೆ, ಒಂದೂ ತೊದಲಿಲ್ಲದೆ, ತಲೆ ಸರಿ ಇಲ್ಲವಂತೆ, ಯಾರ ತಲೆ, ಬಾಗಿಲ ಸದ್ದಿಗೆ ಬೆದರುವಂತೆ ಮಾಡಿದವರು ಯಾರೋ ಅವರೇ ಅವನನ್ನು ಹುಚ್ಚ ಎಂದು ಬರೆದು ಕಳಿಸಿದ್ದಾರೆ, ಎಂಥ ಚೊಕ್ಕ ಕೆಲಸ, ಗಾಯ ಮಾಡಿದವನೇ ಗಾಯವನ್ನು ತೋರಿಸಿ ಇವನ ಮಾತು ನಂಬಬೇಡಿ ಎನ್ನುವುದು — ಸುನೀಲ, ನೀ ಹೇಳೂದನ್ನ ಫೋನಿನ್ಯಾಗ ತುಂಬಿಕೊಳ್ಳಲೇನು, ಬ್ಯಾಡಂದ್ರ ಬಿಡ್ತೀನಿ. ತುಂಬಿಕೊಳ್ರಿ, ಅಂದ. ಅವನ ಬೆನ್ನ ಹಿಂದಿನ ಗೋಡೆಯ ಗೂಡಿನಲ್ಲಿ, ದೀಪದ ಪಕ್ಕ, ವಿಡಿಯೋ ಹಚ್ಚಿ ಫೋನು ಇಟ್ಟಳು, ಅವನು ಹೇಳುತ್ತಾ ಹೋದ, ಜೈಲಿನಲ್ಲಿ ಅದೇ ನೇಮ ಇತ್ತು, ಬಾಗಿಲ ಬೋಲ್ಟ್ ಸರಿದ ಸದ್ದಾದರೆ ಗೋಡೆಗೆ ಮುಖ, ಅಂಗೈ ಮೇಲೆ, ಒಳಗೆ ಬಂದವರು ಯಾರು, ಏನು ಮಾಡುತ್ತಾರೆ, ಯಾವನೂ ನೋಡಕೂಡದು, ನಡುವೆ ಬರೀ ಸರಳಿನ ಗೋಡೆ, ಆಚೆ ಹೀರಾ, ಹೀರಾ ಸಣ್ಣಗೆ ಹಾಡುವವನು, ಅವತ್ತು ನೀರು ಕೇಳಿದ, ಮತ್ತೆ ಕೇಳಿದ, ಅದಕ್ಕೆ ಬಂದರು, ಬೆಂಚಿನ ಮೇಲೆ ಕಾಲು ಕಟ್ಟಿ ಬೆಲ್ಟಿನ ಹಿತ್ತಾಳೆ ಕಡೆಯಿಂದ ಹೊಡೆದರು, ಆಮೇಲೆ ಆ ಕಾಲಲ್ಲೇ ಪರೇಡು ಮಾಡಿಸಿದರು, ಲೆಫ್ಟ್ ರೈಟ್, ಬಿದ್ದರೆ ಎಬ್ಬಿಸಿ ಮತ್ತೆ, ಲೆಫ್ಟ್ ರೈಟ್ ಹೀರಾನೇ ಕೂಗಬೇಕು, ಕೂಗುತ್ತಿದ್ದ, ಆಮೇಲೆ ದನಿ ನಿಂತಿತು, ತಲೆ ಬೆಂಚಿನ ಅಂಚಿಗೆ ಬಡಿದ ಸದ್ದು. ಅವಳೊಳಗೆ ಒಂದು ತಣ್ಣನೆಯ ಲೆಕ್ಕ ನಡೆಯುತ್ತದೆ, ಕರ್ನಲ್ ಏನನ್ನುತ್ತಾರೆ ಗೊತ್ತು, ಗೋಡೆಗೆ ಮುಖ ಮಾಡಿದ್ದವನು ಏನು ಕಂಡಾನು, ಬರೀ ಕೇಳಿದ ಮಾತು, ಸಾಕ್ಷಿಯಲ್ಲ, ಅದಕ್ಕೇ ತಾನೇ ಮುಖ ತಿರುಗಿಸಿ ನಿಲ್ಲಿಸುವುದು, ನೇಮ ಮಾಡಿದವರಿಗೆ ಗೊತ್ತಿತ್ತು, ಕೇಳದೇ ವಿಧಿಯಿಲ್ಲ, ಕೇಳಿದಳು, ಸುನೀಲ, ನೀ ನೋಡಿಲ್ಲಲ್ಲ? ಗೋಡೆಯ ಮೇಲೆ ಬೆರಳುಗಳು ಬಿಳಿಚಿಕೊಂಡವು, ಅಷ್ಟು ಒತ್ತಿದ.

ಹೊಳ್ಳಿ ನೋಡಿದ್ನಿರಿ.

ಹೊಳ್ಳಿ ನೋಡಿದ್ನಿ, ಹವಾಲ್ದಾರ ಹೀರಾನ ಹೊಟ್ಟಿ ಮ್ಯಾಲ ಕಾಲಿಟ್ಟು ನಿಂತಿದ್ದ, ಕ್ಯಾಪ್ಟನ್ ಸಾಬ್ ಬಾಗಲದಾಗ ನಿಂತು ಕಿತ್ತಳಿ ಹಣ್ಣು ಸುಲೀತಿದ್ರು, ಸಿಪ್ಪಿ ಹರೀಲಾರದಂಗ, ಉದ್ದಕ, ನನ್ನ ನೋಡಿದ್ರು, ಇವನಿಗೂ ಗ್ವಾಡಿ ಕಲಿಸ್ರಿ ಅಂದ್ರು, ಒಂದು ತೊಳಿ ಬಾಯಾಗ ಹಾಕ್ಕೊಂಡ್ರು. ಹೆಸರು ಹೇಳಿದ, ಇಬ್ಬರದೂ. ಗೊಲ್ಲಾಳಮ್ಮ ಬಾಗಿಲ ಚೌಕಟ್ಟಿನಲ್ಲಿ ಕುಸಿದು ಕೂತಿದ್ದಳು, ಇಷ್ಟು ದಿವಸ ನನಗ ಹೇಳಿಲ್ಲಲ್ಲೋ ಯಪ್ಪಾ, ಅಂದಳು, ಅವನು ಗೋಡೆಗೇ ಹೇಳಿದ, ನೀ ಕೇಳಿದ್ರ ಉಣ್ಣಂಗಿಲ್ಲ ಅಂತ ಹೇಳಿಲ್ಲವ್ವಾ.

ಅಲ್ಮಾಸ ಹೊರಗೆ ಬಂದಾಗ ಬಿಸಿಲು ಕಪಾಳಕ್ಕೆ ಹೊಡೆದಂತಿತ್ತು, ಅಮರಪ್ಪ ಬೇವಿನ ನೆರಳಲ್ಲಿ ಸೆಟೆದು ನಿಂತಿದ್ದರು, ಬಾಗಿಲೇ ಇಲ್ಲದ ಮನೆ, ಮಾರು ದೂರ, ಅಕ್ಷರ ಅಕ್ಷರ ಕೇಳಿಸಿರಬೇಕು, ಕಣ್ಣು ಕೆಂಪಾಗಿಯೂ ಇದ್ದವು, ಅವಳು ಕೇಳಿದಳು, ಸುಬೇದಾರ್ ಸಾಬ್, ಅವ ಬುದ್ಧಿ ನೆಟ್ಟಗಿದ್ದು ಹೇಳ್ಯಾನ ಅಂತ ನೀವು ಒಂದು ಮಾತು ಹೇಳ್ರಿ, ನಾನೂ ಕೇಳೀನಿ ಅನ್ರಿ, ಅಷ್ಟ ಸಾಕು. ಅಮರಪ್ಪ ಬೂಟಿನ ತುದಿ ನೋಡಿಕೊಂಡರು. ನಾ ಹೊರಗಿದ್ನಿ ಮೇಡಂ, ನಾ ಏನೂ ಕೇಳಿಲ್ಲ. ಆಯಿತು, ಇವರೂ ಗೋಡೆಗೆ ಮುಖ ಮಾಡಿದ್ದಾರೆ, ಬೋಲ್ಟಿನ ಸದ್ದೂ ಬೇಕಾಗಲಿಲ್ಲ, ಒಂದು ಜೀವಮಾನ ಸೆಲ್ಯೂಟ್ ಹೊಡೆದ ಕೈ, ಯಾರೂ ಹೇಳದೆ ತಾನಾಗಿ ಮೇಲೆದ್ದು ಗೋಡೆಗೆ ಒತ್ತಿಕೊಂಡಿದೆ, ಅವಳಿಗೆ ಕೂಗಾಡಬೇಕೆನಿಸಿತು, ಕೂಗಾಡಲಿಲ್ಲ, ಫೋನು ಬಡಿದುಕೊಂಡಿತು, ಕರ್ನಲ್. ಅಲ್ಮಾಸ್, ರಜೆ ಚೆನ್ನಾಗಿದೆಯಾ, ಕೆಂಭಾವಿಯಲ್ಲಿ ಬಿಸಿಲು ಜೋರಂತೆ. ಕೆಂಭಾವಿ, ಈಗ ಮುರಿಯದೆ, ಒಂದೇ ಉಸಿರಿಗೆ ಹೇಳಿದರು, ಯಾರೋ ಬಾಯಿಪಾಠ ಮಾಡಿಸಿದ್ದಾರೆ, ಅವಳು ಅಮರಪ್ಪನನ್ನು ನೋಡಿದಳು, ಅಮರಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು, ಹಾಕಿಕೊಂಡರು, ಫೋನಿನಲ್ಲಿ ಮೆತ್ತನೆಯ ದನಿ ಸಾಗುತ್ತಿತ್ತು, ಹುಚ್ಚನ ಮಾತು ನಂಬಿ ಒಳ್ಳೆಯ ಕೆರಿಯರ್ ಹಾಳುಮಾಡಿಕೊಳ್ಳಬೇಡಿ, ವರದಿ ಸಿದ್ಧವಿದೆ, ಬಂದು ಸಹಿ ಹಾಕಿ, ಇಲ್ಲಿಗೆ ಮುಗಿಸೋಣ. ಸರ್, ನಾನು ಪರೀಕ್ಷೆ ಮಾಡಿದೆ, ಅವನು ಹುಚ್ಚನಲ್ಲ, ನಾನು ಸಹಿ ಹಾಕುವುದಿಲ್ಲ. ಆ ಕಡೆಯಿಂದ ಈಗ ಮೆತ್ತಗಿಲ್ಲದ ದನಿ, ಇದರ ಪರಿಣಾಮ ಗೊತ್ತಿದೆಯಾ ಮೇಜರ್, ಗೊತ್ತಿದೆ ಸರ್, ಅಂದಳು, ಫೋನು ಮುಚ್ಚಿ ಅಮರಪ್ಪನಿಗೆ, ನೀವು ಮುಂದ ನಡೀರಿ, ನಾ ಬ್ಯಾರೆ ಗಾಡಿಗಿ ಬರ್ತೀನಿ ಅಂದಳು, ಗೊಲ್ಲಾಳಮ್ಮ ರೊಟ್ಟಿ ಮುರಿದು ಪಲ್ಯ ಹಾಕಿಕೊಟ್ಟಳು, ತಿಂದಳು, ಒಳಗೆ ಅವನೂ ತಿನ್ನುತ್ತಿದ್ದ ಸದ್ದು ಬಂತು, ಗೋಡೆ ಬಿಟ್ಟು ಕೂತಿದ್ದ, ನೀಲಿ ಸುಣ್ಣದ ಮೇಲೆ ಅಂಗೈಗಳೆರಡೂ ಒಂಟಿಯಾಗಿ ನಿಂತಿದ್ದವು.

ಆಮೇಲೆ ಆದದ್ದು ತುಂಡು ತುಂಡಾಗಿ ನೆನಪಾಗುತ್ತದೆ, ಕರ್ನಲ್ ಆ ವಿಡಿಯೋ ನೋಡಿ ನಕ್ಕದ್ದು, ಇದರಲ್ಲಿ ಬೆನ್ನಿದೆ, ಮುಖ ಎಲ್ಲಿದೆ ಅಂದದ್ದು, ಮುಖ ಗೋಡೆಗೆ ತಿರುಗಿಸಿದವರು ನಾವೇ ಸರ್ ಅಂತ ಅವಳು ಅಂದದ್ದು, ವರದಿಗೆ ತನ್ನ ಭಿನ್ನಾಭಿಪ್ರಾಯ ಲಗತ್ತಿಸಿದ್ದು, ಅಂಗಾಲಿನ ಚಿತ್ರಗಳ ಸಮೇತ, ಅದು ಮೇಲೆ ಹೋದದ್ದು, ಅದಕ್ಕಿಂತ ಮೊದಲು ಅವಳ ವರ್ಗಾವಣೆ ಬಂದದ್ದು, ಮರಳುಗಾಡಿನ ಅಂಚಿನ ಒಂದು ಸಣ್ಣ ಆಸ್ಪತ್ರೆ, ನೊಣ, ಧೂಳು, ಯಾದಗಿರಿಯಲ್ಲಿ ಮಾಜಿ ಸೈನಿಕರ ಸಂಘದವರು ಕೆಲವರು ಅಸದನ ಅಂಗಡಿಗೆ ಬರುವುದು ನಿಲ್ಲಿಸಿದ್ದು, ಅವನು ಫೋಟೋ ಇಳಿಸಲಿಲ್ಲ, ಒರೆಸಿ ಇನ್ನೂ ಸ್ವಲ್ಪ ಮುಂದಕ್ಕೆ ತೂಗುಹಾಕಿದನಂತೆ, ಅಮ್ಮಿ ಫೋನಿನಲ್ಲಿ ಬೈದಳು, ಬೈದು ಮುಗಿಸಿ ಆ ಹುಡುಗನ ತಾಯಿ ಉಂಡಾಳೇನು ಅಂತ ಕೇಳಿದಳು, ಚಳಿಗಾಲ ಬಂತು, ಮೇಲಿನವರು ಹೊಸ ಮಂಡಳಿ ಕೂರಿಸಿದರು, ಬೇರೆ ಅಧ್ಯಕ್ಷ, ಒಬ್ಬ ಬ್ರಿಗೇಡಿಯರ್, ಸುನೀಲಕುಮಾರನಿಗೆ ಕರೆ ಹೋಯಿತು, ಗೊಲ್ಲಾಳಮ್ಮ ಮರಳುಗಾಡಿಗೆ ಫೋನು ಮಾಡಿದಳು, ಅವ ಬರ್ತಾನಂತ್ರಿ, ಬಾಗಲಾ ಇಲ್ದ ಕೋಣಿ ಇರಬೇಕಂತ.

ಬಾಗಿಲಿಲ್ಲದ ಕೋಣೆ ಸೇನೆಯಲ್ಲಿ ಎಲ್ಲಿದೆ, ಬ್ರಿಗೇಡಿಯರ್ ಬಾಗಿಲು ತೆರೆದಿಡಿಸಿದರು, ಅದಕ್ಕೆ ಕುರ್ಚಿ ಅಡ್ಡ ಇಡಿಸಿದರು, ಅಷ್ಟು ಮಾಡಿದರು, ಸಾಕ್ಷಿಯ ಡಾಕ್ಟರೆಂದು ಅಲ್ಮಾಸಳನ್ನು ಕರೆಸಿದ್ದಾರೆ, ಮೂಲೆಯ ಕುರ್ಚಿಯಲ್ಲಿ ಕೂತಿದ್ದಾಳೆ, ಉದ್ದನೆಯ ಮೇಜು, ಗೋಡೆಗೆಲ್ಲ ತೇಗದ ಹಲಗೆ, ಮೆರುಗೆಣ್ಣೆ ಹಚ್ಚಿ ಮುಖ ಕಾಣುವಂತೆ ಉಜ್ಜಿದ್ದು, ಆಚೆ ಬದಿ ಹವಾಲ್ದಾರ, ಅವನ ಪಕ್ಕ ಕ್ಯಾಪ್ಟನ್, ಎಳೆಯ ಮುಖ, ನುಣ್ಣಗೆ ಬೋಳಿಸಿದ ಗದ್ದ, ಕೈ ಉಗುರು ಎಷ್ಟು ಚೊಕ್ಕ, ಸುನೀಲಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ, ಎದುರು ನೋಡಿಕೊಂಡೇ ಕೂತ, ಹಿಂದಿಯಲ್ಲಿ ಹೆಸರು ಹೇಳಿದ, ಊರು ಹೇಳಿದ, ಅವಳ ಎದೆ ಹಗುರಾಗುತ್ತಾ ಬಂತು, ಆಗ, ಎಲ್ಲೋ ಪಡಸಾಲೆಯ ಕೊನೆಯಲ್ಲಿ, ಯಾರೋ, ಯಾರೋ ಅಂತ ಹೇಗೆ ನಂಬುವುದು, ಒಂದು ಬೋಲ್ಟ್ ಸರಿಸಿದರು. ಕುರ್ಚಿ ಉರುಳಿತು. ಅವನು ತೇಗದ ಹಲಗೆಗೆ ಮುಖ ಮಾಡಿ ನಿಂತಿದ್ದಾನೆ, ತೋಳು ಮೇಲೆ, ಅಂಗೈ ಒತ್ತಿ, ಬೆರಳು ಅಗಲಿಸಿ, ಕ್ಯಾಪ್ಟನ್ನನ ವಕೀಲ ಸಣ್ಣಗೆ ಕೆಮ್ಮಿ, ಸಾಕ್ಷಿಯ ಮಾನಸಿಕ ಸ್ಥಿತಿ ಮಂಡಳಿಗೇ ಕಾಣುತ್ತಿದೆಯಲ್ಲ ಅನ್ನುತ್ತಾನೆ, ಅವಳು ಎದ್ದು ನಿಂತಿದ್ದಾಳೆ, ಈ ಹೊಲಸು, ಈ ಹೊಲಸನ್ನು, ಬ್ರಿಗೇಡಿಯರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಕೇಳುತ್ತಾರೆ, ಜವಾನ್, ಆ ದಿನ ಬಾಗಿಲಲ್ಲಿ ನಿಂತಿದ್ದವರು ಯಾರು, ಉಸಿರು, ಬರೀ ಉಸಿರು, ಆಮೇಲೆ ಕೈ ಕೀಳದೆ, ಅಂಗೈ ಹಾಗೇ ಹಲಗೆಗೆ ಒತ್ತಿಕೊಂಡೇ, ಕುತ್ತಿಗೆಯೊಂದನ್ನು ತಿರುಗಿಸುತ್ತಾನೆ, ನರ ಬಿಗಿದು ನಡುಗುತ್ತಾ, ಪೂರಾ ಹೊಳ್ಳಿ ನೋಡುತ್ತಾನೆ, ಕ್ಯಾಪ್ಟನ್ನನ ಮುಖಕ್ಕೆ ಮುಖ ಕೊಟ್ಟು, ಕನ್ನಡದಲ್ಲಿ, ಇವರೇ ರಿ, ಅನ್ನುತ್ತಾನೆ, ಆ ಕೋಣೆಯಲ್ಲಿ ಆ ಮಾತು ತಿಳಿದವಳು ಅವಳೊಬ್ಬಳೇ, ತರ್ಜುಮೆ ಯಾರಿಗೂ ಬೇಕಾಗಲಿಲ್ಲ. ಬ್ರಿಗೇಡಿಯರ್ ಪೆನ್ನು ತೆಗೆದು ಬರೆದುಕೊಂಡರು. ಕೋರ್ಟ್ ಮಾರ್ಷಲ್ ಆಗುತ್ತದೆ, ಇಬ್ಬರಿಗೂ, ಹೊರಗೆ ಯಾರೋ ಆಗಲೇ ಅನ್ನುತ್ತಿದ್ದಾರೆ, ಅವನನ್ನು ತಾಯಿ ಬಂದು ಹೆಗಲು ಹಿಡಿದು ಕರೆದೊಯ್ದಳು, ಕುರ್ಚಿಗಳು ಸರಿದವು, ಕಡತಗಳು ಮುಚ್ಚಿದವು, ಕ್ಯಾಪ್ಟನ್ ಹೋದ, ವಕೀಲ ಹೋದ, ಆರ್ಡರ್ಲಿ ಹಳದಿ ಬಟ್ಟೆ ಹಿಡಿದು ಒಳಗೆ ಬಂದ, ಹಲಗೆಯ ಕಡೆ ನಡೆದ, ಬೇಡ, ಅಂದಳು, ಯಾಕೆ ಮೇಡಂ, ಒರೆಸಬೇಡ, ಮೆರುಗಿನ ಮೇಲೆ ಬೆವರು, ಐದು ಬೆರಳು, ಮತ್ತೆ ಐದು, ಆರುತ್ತಿಲ್ಲ, ತೇಗದ ಮೇಲೆ, ನೀಲಿ ಸುಣ್ಣದ ಮೇಲೆ, ಅಲ್ಲಿ ಆ ಸರಳಿನ ಕೋಣೆಯ ಗೋಡೆಯ ಮೇಲೂ ಇರಬೇಕು, ಹೀರಾನವೂ, ಅವನಿಗಿಂತ ಮುಂಚಿನವರವೂ, ಒಂದರ ಮೇಲೊಂದು, ಒರೆಸಬೇಡ — ಎರಡು ಅಂಗೈ, ಭುಜದ ಎತ್ತರಕ್ಕೆ, ಬೆರಳು ಅಗಲಿಸಿ, ಎರಡು ಅಂಗೈ